ನಡುದಾರಿಯ ಬಿಡುವು

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ಇಂದು ಭೂಮಂಡಲದ ನಾನಾ ಭಾಗಗಳಲ್ಲಿ ನೆಲೆಸಿರುವರು. ದಾದಿಯರಾಗಿ ಕೊಲ್ಲಿಯ ನಾಡುಗಳಿಗೆ ಹೋದವರು ಉಂಟು. ವಿದ್ಯಾರ್ಥಿನಿಯರಾಗಿ ಇಂಗ್ಲೆಂಡ್, ಆಸ್ಟ್ರೇಲಿಯ ಮುಂತಾದ ದೇಶಗಳನ್ನು ಸೇರಿದವರು ಉಂಟು. ಪತಿಯ ಉದ್ಯೋಗದ ನಿಮಿತ್ತ ಮನೆಮಾರು ಬಿಟ್ಟು ಹೊರಟವರೂ, ಮಗಳ ಬಾಣಂತಿತನಕ್ಕೆಂದು ಮುಪ್ಪಿನಲ್ಲಿ ಮೊದಲ ಬಾರಿ ಸಮುದ್ರ ದಾಟಿದವರೂ ಉಂಟು. ಇವರಲ್ಲಿ ಬಹುಮಂದಿಗೆ ಸಮಾನವಾಗಿ ಒದಗುವ ಅನುಭವ ಒಂದಿದೆ. ಊರಿನಿಂದ ಹೊರಟ ವಿಮಾನವು ಅವರನ್ನು ನೇರವಾಗಿ ಗುರಿಗೆ ಮುಟ್ಟಿಸದೆ, ನಡುವೆ ಯಾವುದೋ ಪರದೇಶದ ನಿಲ್ದಾಣದಲ್ಲಿ ಇಳಿಸುವುದು. ಮುಂದಿನ ವಿಮಾನವು ಆರೋ ಎಂಟೋ, ಕೆಲವೊಮ್ಮೆ ಹನ್ನೆರಡೋ ಗಂಟೆಗಳ ಬಳಿಕ ಹೊರಡುವುದು. ಈ ನಡುದಾರಿಯ ಬಿಡುವನ್ನು ನಾವು ಏನು ಮಾಡತಕ್ಕದ್ದು ಎಂಬುದೇ ಈ ಲೇಖನದ ವಿಷಯ.

ವಿಷಯವು ಅಲ್ಪವಾದುದೆಂದು ವಾಚಕರು ನಗದಿರಲಿ. ಹುಡುಗಿಯೊಬ್ಬಳು ಮೊದಲ ಬಾರಿ ಒಬ್ಬಂಟಿಗಳಾಗಿ ಪ್ರಯಾಣ ಹೊರಡುವಾಗ ಮನೆಯವರು ಹೇಳಿ ಕಳುಹಿಸುವ ಬುದ್ಧಿವಾದವನ್ನು ಒಮ್ಮೆ ನೆನೆಯಿರಿ: “ಇಳಿದ ಕೂಡಲೆ ಮುಂದಿನ ಗೇಟು ಹುಡುಕಿ ಅದರ ಎದುರಿಗೇ ಕುಳಿತುಬಿಡು. ಯಾರೊಡನೆಯೂ ಮಾತಾಡಬೇಡ. ಎದ್ದು ತಿರುಗಾಡಬೇಡ.” ಈ ಮಾತು ಪ್ರೀತಿಯಿಂದ ಹುಟ್ಟಿದುದು, ಅದನ್ನು ನಾನು ಹಳಿಯಲಾರೆ. ಆದರೆ ಅದೇ ಮನೆಯ ಮಗನು ಹೊರಟಾಗ, “ಹೊತ್ತಿದ್ದರೆ ಊರು ನೋಡಿಕೊಂಡು ಹೋಗು” ಎಂದು ಹೇಳುವುದನ್ನೂ ನಾನು ಕೇಳಿದ್ದೇನೆ. ನಿಲ್ದಾಣ ಒಂದೇ, ಬಿಡುವೂ ಒಂದೇ. ಅಣ್ಣನಿಗೆ ಅದು ಲೋಕಾನುಭವವಾದರೆ ತಂಗಿಗೆ ಅರ್ಧ ದಿನದ ಸೆರೆವಾಸವಾಗುವುದು. ಈ ಭೇದವು ನ್ಯಾಯವಲ್ಲವೆಂದೂ, ನಡುದಾರಿಯ ಬಿಡುವನ್ನು ವಿವೇಕದಿಂದ ಬಳಸಿಕೊಳ್ಳುವುದನ್ನು ನಮ್ಮ ಹುಡುಗಿಯರಿಗೆ ಮನೆಯೂ ಶಾಲೆಯೂ ಕೂಡಿ ಕಲಿಸತಕ್ಕದ್ದೆಂದೂ ನನ್ನ ದೃಢವಾದ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ನಾನು ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳುವೆನು. ಆಸ್ಟ್ರೇಲಿಯದಲ್ಲಿರುವ ಅಣ್ಣನ ಮನೆಗೆ ಮೊದಲ ಬಾರಿ ಹೋಗುವಾಗ, ನಾನು ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ ಬೆಳಗ್ಗೆ ಆರೂವರೆಗೆ ಇಳಿದೆನು. ಮುಂದಿನ ವಿಮಾನವಿದ್ದುದು ಮಧ್ಯಾಹ್ನ ಮೂರೂವರೆಗೆ. ತಾಯಿಯವರ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದೆನು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪಾಸ್‌ಪೋರ್ಟು ಇದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತ, ಒಂದೇ ಕುರ್ಚಿಯಲ್ಲಿ ಹಗಲೆಲ್ಲ ಕುಳಿತಿದ್ದೆನು. ಮನೆಯಿಂದ ತಂದ ಚಪಾತಿಯನ್ನು ಅಲ್ಲಿಯೇ ತಿಂದೆನು. ಕುರ್ಚಿ ಹೋದೀತೆಂಬ ಭಯದಿಂದ ನೀರು ಕುಡಿಯುವುದಕ್ಕೂ ಹಿಂದೆ ಮುಂದೆ ನೋಡಿದೆನು. ವಿಮಾನವನ್ನೇರುವ ಹೊತ್ತಿಗೆ ಕಾಲು ಬಾತು ತಲೆ ಸಿಡಿಯುತ್ತಿತ್ತು. ಅಣ್ಣನ ಮಕ್ಕಳು, “ಅತ್ತೆ, ಸಿಂಗಪುರ ಹೇಗಿತ್ತು?” ಎಂದು ಕೇಳಿದಾಗ, ನೆಲಕ್ಕೆ ಹಾಸಿದ್ದ ಜಮಖಾನದ ಬಣ್ಣವನ್ನಲ್ಲದೆ ಬೇರೇನನ್ನೂ ಹೇಳಲಾರದೆ ಹೋದೆನು.

ಆ ನಾಚಿಕೆಯೇ ನನ್ನನ್ನು ಪುಸ್ತಕಗಳ ಕಡೆಗೆ ಅಟ್ಟಿತು. ನಾನು ಕುಳಿತೆದ್ದು ಬಂದ ಚಾಂಗಿಯು ಎಂತಹ ಸ್ಥಳವೆಂಬುದು ಆಮೇಲೆ ತಿಳಿಯಿತು. ೧೯೪೨ನೆಯ ಇಸವಿ ಫೆಬ್ರವರಿ ೧೫ರಂದು ಸಿಂಗಪುರವು ಜಪಾನಿನ ಸೈನ್ಯದ ವಶವಾಯಿತು. ಸಾವಿರಾರು ಸೈನಿಕರು ಚಾಂಗಿಯ ಶಿಬಿರಗಳಲ್ಲಿ ಸೆರೆಯಾಳುಗಳಾದರು. ಸೈನಿಕರಲ್ಲದ ಐರೋಪ್ಯ ಸಂಸಾರಗಳನ್ನೂ ಮಾರ್ಚ್ ತಿಂಗಳಲ್ಲಿ ನಡೆಸಿಕೊಂಡು ಹೋಗಿ ಚಾಂಗಿಯ ಸೆರೆಮನೆಗೆ ತುಂಬಿದರು. ಅವರಲ್ಲಿ ಹೆಂಗಸರೂ ಮಕ್ಕಳೂ ಸುಮಾರು ೪೦೦ ಮಂದಿ. ಗಂಡಸರು ಒಂದು ಭಾಗದಲ್ಲಿ, ಹೆಂಗಸರು ಮತ್ತೊಂದು ಭಾಗದಲ್ಲಿ. ಒಬ್ಬರು ಬದುಕಿರುವುದು ಇನ್ನೊಬ್ಬರಿಗೆ ತಿಳಿಯುವ ಮಾರ್ಗವಿರಲಿಲ್ಲ. ಬಿಡುಗಡೆ ಎಂದೆಂಬುದು ಯಾರಿಗೂ ಗೊತ್ತಿರಲಿಲ್ಲ. ೧೯೪೪ರಲ್ಲಿ ಅವರನ್ನು ಬೇರೊಂದು ಶಿಬಿರಕ್ಕೆ ಸಾಗಿಸಿದರು. ಬಿಡುಗಡೆಯಾದುದು ೧೯೪೫ರ ಸೆಪ್ಟೆಂಬರಿನಲ್ಲಿ. ಯುದ್ಧ ಕೈದಿಗಳ ದುಡಿಮೆಯಿಂದಲೇ ಆ ವರ್ಷಗಳಲ್ಲಿ ಚಾಂಗಿಯಲ್ಲಿ ಒಂದು ವಿಮಾನರಂಗವು ಸಿದ್ಧವಾಯಿತು. ೧೯೮೧ರಲ್ಲಿ ತೆರೆದ ಇಂದಿನ ನಿಲ್ದಾಣವು ಆ ನೆಲೆಯ ಮಗ್ಗುಲಲ್ಲಿ, ಸಮುದ್ರವನ್ನು ತೂರಿಸಿ ವಿಸ್ತರಿಸಿದ ಭೂಮಿಯ ಮೇಲೆ ಬೆಳೆದುನಿಂತಿದೆ.

ಆ ಸೆರೆಮನೆಯ ಹೆಂಗಸರು ತಮ್ಮ ಕಾಯುವ ಕಾಲವನ್ನು ಏನು ಮಾಡಿದರು? ಕೌದಿ ಹೊಲಿದರು! ಕೆನಡ ದೇಶದವರಾದ ಎಥೆಲ್ ಮುಲ್ವಾನಿ ಎಂಬ ಮಹಿಳೆಯ ಪ್ರೇರಣೆಯಿಂದ, ಒಬ್ಬೊಬ್ಬ ಹೆಂಗಸಿಗೂ ಆರು ಅಂಗುಲದ ಚೌಕವಾದ ಒಂದೊಂದು ಬಟ್ಟೆಯ ತುಂಡನ್ನು ಕೊಡಲಾಯಿತು. ತನ್ನ ಮನಸ್ಸಿನಲ್ಲಿರುವುದನ್ನು ಕಸೂತಿಯಾಗಿ ಹಾಕಿ ಅದರ ಮೇಲೆ ತನ್ನ ಹೆಸರನ್ನೂ ಹೊಲಿಯಬೇಕು. ಒಬ್ಬಳು ಹೂವನ್ನು, ಒಬ್ಬಳು ತನ್ನ ನಾಡಿನ ಲಾಂಛನವನ್ನು, ಮತ್ತೊಬ್ಬಳು ತಾನಿದ್ದ ಸೆರೆಕೋಣೆಯನ್ನೇ ಹೊಲಿದಳು. ಕೌದಿಯೊಂದಕ್ಕೆ ೬೬ ತುಂಡುಗಳಂತೆ ಮೂರು ಕೌದಿಗಳಾದವು. ಅವು ಆಸ್ಪತ್ರೆಯಲ್ಲಿ ಗಾಯಗೊಂಡು ಮಲಗಿದವರಿಗೆ ಹೊದಿಕೆಯೆಂದು ಹೊರಗೆ ಹೋದವು. ಕೌದಿಯ ಮೇಲಿನ ಹೆಸರನ್ನು ಕಂಡವರಿಗೆ ತಮ್ಮ ಹೆಂಡತಿಯೋ ತಂಗಿಯೋ ಬದುಕಿರುವಳೆಂಬ ವಾರ್ತೆ ಮುಟ್ಟುತ್ತಿತ್ತು. ಮೂರರಲ್ಲಿ ಒಂದು ಬ್ರಿಟಿಷರಿಗೆ, ಒಂದು ಆಸ್ಟ್ರೇಲಿಯದವರಿಗೆ, ಮೂರನೆಯದು ಗಾಯಗೊಂಡ ಜಪಾನೀ ಸೈನಿಕರಿಗೆ ಮೀಸಲಾಗಿತ್ತು. ಅಧಿಕಾರಿಗಳ ಒಪ್ಪಿಗೆಯನ್ನು ದೊರಕಿಸಿಕೊಳ್ಳುವ ಜಾಣ್ಮೆಯೂ ಅದರಲ್ಲಿ ಇದ್ದಿರಬಹುದು. ಆದರೂ ಶತ್ರುವಿಗೆ ಹೊದಿಸಲೆಂದು ಸೆರೆಯಲ್ಲಿ ಕುಳಿತು ಸೂಜಿ ಹಿಡಿದ ಕೈಗಳನ್ನು ನೆನೆದರೆ ಮನಸ್ಸು ಬಾಗುವುದು. ಇಂದು ಆ ಕೌದಿಗಳಲ್ಲಿ ಎರಡು ಆಸ್ಟ್ರೇಲಿಯದ ಕ್ಯಾನ್ಬೆರಾ ನಗರದ ಯುದ್ಧ ಸ್ಮಾರಕದಲ್ಲಿಯೂ, ಒಂದು ಲಂಡನ್ನಿನ ರೆಡ್‌ಕ್ರಾಸ್ ಸಂಸ್ಥೆಯಲ್ಲಿಯೂ ಇವೆ.

ಅದೇ ಸೆರೆಮನೆಯಲ್ಲಿ ಗರ್ಲ್ ಗೈಡ್ ದಳದ ಬಾಲಿಕೆಯರೂ ಗುಟ್ಟಾಗಿ ಚಿಂದಿಗಳನ್ನು ಕೂಡಿಸಿ, ಆರು ಮೂಲೆಯ ತುಂಡುಗಳ ಒಂದು ಕೌದಿಯನ್ನು ತಮ್ಮ ಮುಖ್ಯಸ್ಥೆಯ ಹುಟ್ಟುಹಬ್ಬಕ್ಕೆ ಕಾಣಿಕೆಯಾಗಿ ಹೊಲಿದರು. ನಮ್ಮ ಶಾಲೆಯ ಹೊಲಿಗೆ ತರಗತಿಯಲ್ಲಿ ಸೂಜಿ ಚುಚ್ಚಿಕೊಂಡು ಅತ್ತ ನಾವೆಲ್ಲ ಈ ಸಂಗತಿಯನ್ನು ಮರೆಯಬಾರದು.

ಇದನ್ನೆಲ್ಲ ಓದಿದಾಗ ನನಗಾದ ಲಜ್ಜೆ ಅಷ್ಟಿಷ್ಟಲ್ಲ. ಬಾಗಿಲು ಮುಚ್ಚಿದ್ದ ಚಾಂಗಿಯಲ್ಲಿ ಆ ಸ್ತ್ರೀಯರು ಕಾಲವನ್ನು ಸಾರ್ಥಕ ಮಾಡಿಕೊಂಡರು. ಬಾಗಿಲು ತೆರೆದಿದ್ದ ಚಾಂಗಿಯಲ್ಲಿ ನಾನು ನನ್ನನ್ನೇ ಕುರ್ಚಿಗೆ ಕಟ್ಟಿಹಾಕಿಕೊಂಡೆನು. ಅವರ ಕಷ್ಟಕ್ಕೂ ನಮ್ಮ ಪ್ರಯಾಣದ ಸಣ್ಣ ಬೇಸರಕ್ಕೂ ಹೋಲಿಕೆ ಇಲ್ಲವೆಂಬುದನ್ನು ಬಲ್ಲೆನು. ಆದರೆ ಕಾಯುವ ಕಾಲವು ಲೆಕ್ಕಕ್ಕೆ ಬಾರದ ಕಾಲವೆಂಬ ನಮ್ಮ ಭಾವನೆ ತಪ್ಪೆಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನಿಲ್ದಾಣದ ಎಂಟು ಗಂಟೆಯೂ ನಮ್ಮ ಆಯುಷ್ಯದ ಎಂಟು ಗಂಟೆಯೇ. ಅದನ್ನು ಕೊಟ್ಟ ದೇವರು ಅದಕ್ಕೂ ಲೆಕ್ಕ ಕೇಳುವನು.

ಇನ್ನು ಇದಕ್ಕೆ ಪ್ರತಿಯಾಗಿ ಹೇಳುವ ಮಾತುಗಳನ್ನು ವಿಚಾರಿಸೋಣ. ಹಿರಿಯರು ಮೊದಲು ಹೇಳುವುದು ಅಪಾಯದ ಮಾತು. ಪರದೇಶ, ಪರಭಾಷೆ, ಒಂಟಿ ಹೆಣ್ಣು. ಏನಾದರೂ ಆದರೆ ಯಾರು ಗತಿ? ಈ ಭಯವು ನಿರಾಧಾರವೆಂದು ನಾನು ಹೇಳೆನು. ಎಲ್ಲ ಊರುಗಳೂ ಒಂದೇ ತೆರನಾಗಿಲ್ಲ. ರಾತ್ರಿ ಇಳಿದವಳು ಗೊತ್ತಿಲ್ಲದ ಊರೊಳಗೆ ಹೋಗಲೆಂದು ನಾನು ಹೇಳುವುದಿಲ್ಲ. ಆದರೆ ಜಾಗರೂಕತೆ ಬೇರೆ, ಭೀತಿ ಬೇರೆ. ಜಾಗರೂಕತೆಯು ಮೊದಲೇ ವಿಚಾರಿಸಿ ತಿಳಿದು ಹೆಜ್ಜೆಯಿಡುವುದು. ಭೀತಿಯು ವಿಚಾರಿಸುವುದಕ್ಕೂ ಅವಕಾಶ ಕೊಡದೆ ಕುಳ್ಳಿರಿಸುವುದು. ಅಲ್ಲದೆ ಇನ್ನೊಂದು ಸಂಗತಿಯನ್ನು ತಂದೆತಾಯಿಗಳು ಮನಸ್ಸಿಗೆ ತಂದುಕೊಳ್ಳಲಿ. ಮರುದಿನ ಅದೇ ಹುಡುಗಿ ಕಾಣದ ನಗರವೊಂದರಲ್ಲಿ ಬಾಡಿಗೆ ಕೋಣೆ ಹುಡುಕಬೇಕು, ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆ ಸೇರಬೇಕು, ಬ್ಯಾಂಕಿನಲ್ಲಿಯೂ ಆಸ್ಪತ್ರೆಯಲ್ಲಿಯೂ ತನ್ನ ಪರವಾಗಿ ತಾನೇ ಮಾತಾಡಬೇಕು. ವರ್ಷಗಟ್ಟಲೆ ಒಂಟಿಯಾಗಿ ಬಾಳಬಲ್ಲಳೆಂದು ನಂಬಿ ಕಳುಹಿಸಿದ ಮಗಳು, ಹಗಲು ಹೊತ್ತು ನಾಲ್ಕು ಗಂಟೆ ಒಂದು ಊರಿನಲ್ಲಿ ನಡೆದು ಬರಲಾರಳೇ?

ಎರಡನೆಯ ಆಕ್ಷೇಪವು ದಣಿವಿನದು, ಮೂರನೆಯದು ಹಣದ್ದು. ದಣಿದವಳು ಮಲಗಲಿ, ಅದನ್ನು ಮುಂದೆ ಹೇಳುವೆನು. ಹಣದ ಮಾತಿಗೆ ಬಂದರೆ, ನಿಲ್ದಾಣದೊಳಗಿನ ಅಂಗಡಿಗಳಲ್ಲಿ ಬೇಸರಕ್ಕೆಂದು ಕೊಳ್ಳುವ ಚಾಕಲೇಟು, ಅತ್ತರು, ಎರಡು ಲೋಟ ಕಾಫಿ, ಇವುಗಳ ಬೆಲೆಯ ಮುಂದೆ ಊರೊಳಗೆ ಹೋಗಿ ಬರುವ ರೈಲಿನ ದರವು ಅಲ್ಪವೇ ಸರಿ.

ನಾಲ್ಕನೆಯದಾಗಿ, ಅರ್ಧ ದಿನದಲ್ಲಿ ಯಾವ ದೇಶವನ್ನು ಕಂಡಂತಾಯಿತು ಎಂದು ವಿದ್ಯಾವಂತರು ಕೇಳುವರು. ಇದು ನಿಜವಾಗಿಯೂ ತೂಕವುಳ್ಳ ಪ್ರಶ್ನೆ. ನಾಲ್ಕು ಗಂಟೆಯಲ್ಲಿ ಹತ್ತು ಸ್ಥಳಗಳಿಗೆ ಓಡಿ, ಪ್ರತಿಯೊಂದರ ಮುಂದೆಯೂ ನಿಂತು ತನ್ನದೇ ಮುಖದ ಚಿತ್ರ ತೆಗೆದುಕೊಂಡು ಬರುವವಳು ಏನನ್ನೂ ಕಾಣಲಿಲ್ಲವೆಂದು ನಾನೂ ಒಪ್ಪುವೆನು. ಅದಕ್ಕಾಗಿಯೇ ನನ್ನ ಸಲಹೆಯು ಇಷ್ಟೆ: ಒಂದನ್ನು ಆರಿಸಿಕೋ, ಅದನ್ನು ಚೆನ್ನಾಗಿ ನೋಡು, ಮರಳಿ ಬಾ.

ಎರಡನೆಯ ಬಾರಿ ಅಣ್ಣನ ಮನೆಗೆ ಹೋಗುವಾಗ ನಾನು ಹಾಗೆಯೇ ಮಾಡಿದೆನು. ನಿಲ್ದಾಣದಿಂದ ರೈಲು ಹತ್ತಿ, ತಾನಾ ಮೆರಾ ಎಂಬಲ್ಲಿ ಗಾಡಿ ಬದಲಿಸಿ, ಸುಮಾರು ಮುಕ್ಕಾಲು ಗಂಟೆಯಲ್ಲಿ ಸಿಟಿ ಹಾಲ್ ನಿಲ್ದಾಣದಲ್ಲಿ ಇಳಿದೆನು. ಮೆಟ್ಟಲೇರಿ ಹೊರಗೆ ಬಂದರೆ ಎದುರಿಗೇ ಹಸುರು ಹುಲ್ಲಿನ ನಡುವೆ ಸಂತ ಅಂದ್ರೆಯನ ಹೆಸರಿನ ಬಿಳಿಯ ಮಹಾದೇವಾಲಯ. ಅಲ್ಲಿ ಮೊದಲಿದ್ದ ದೇವಾಲಯಕ್ಕೆ ಎರಡು ಬಾರಿ ಸಿಡಿಲು ಬಡಿದು ಅದು ಕೆಡವಲ್ಪಟ್ಟ ಮೇಲೆ, ೧೮೫೬ರಲ್ಲಿ ಈಗಿನ ಕಟ್ಟಡಕ್ಕೆ ಅಸ್ತಿಭಾರ ಹಾಕಿದರು. ೧೮೬೨ರಲ್ಲಿ ಅದರ ಪ್ರತಿಷ್ಠೆಯಾಯಿತು. ಅದನ್ನು ಕಟ್ಟಿದ ಕೈಗಳು ಯಾರವು? ನಮ್ಮ ದೇಶದಿಂದ ಗಡೀಪಾರಾಗಿ ಬಂದ ಕೈದಿಗಳವು. ೧೮೨೫ರಿಂದ ಮೊದಲ್ಗೊಂಡು ಸುಮಾರು ಅರ್ಧ ಶತಮಾನದವರೆಗೆ ಭಾರತದ ಕೈದಿಗಳು ಸಿಂಗಪುರದ ರಸ್ತೆಗಳನ್ನೂ ಸೌಧಗಳನ್ನೂ ಕಟ್ಟಿದರು. ಈ ದೇವಾಲಯದ ಗೋಡೆಗಳಿಗೆ ಬಳಿದುದು ಮದರಾಸಿನ ಪದ್ಧತಿಯ ಸುಣ್ಣದ ಗಾರೆ. ಸುಣ್ಣಕ್ಕೆ ಮೊಟ್ಟೆಯ ಬಿಳಿಯ ಲೋಳೆಯನ್ನೂ ಒರಟು ಸಕ್ಕರೆಯನ್ನೂ ಸೇರಿಸಿ ಅರೆದು, ತೆಂಗಿನ ನಾರು ನೆನೆಸಿದ ನೀರಿನಿಂದ ಹದ ಮಾಡಿ, ಬಳಿದು ಒಣಗಿದ ಮೇಲೆ ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದರು. ನಮ್ಮ ಕಡೆಯ ಹಳೆಯ ಮನೆಗಳ ಗಾರೆಗೂ ಬೆಲ್ಲವನ್ನೂ ಮೊಟ್ಟೆಯನ್ನೂ ಸೇರಿಸುತ್ತಿದ್ದುದನ್ನು ಹಿರಿಯರು ಬಲ್ಲರು.

ನಾನು ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆನು. ಆ ಬಿಳಿಯ ಗೋಡೆಯನ್ನು ನೋಡುತ್ತ, ಮರಳಿ ಊರು ಕಾಣುವೆನೋ ಇಲ್ಲವೋ ಎಂದು ತಿಳಿಯದೆ ಕಲ್ಲು ಉಜ್ಜಿದ ಹೆಸರಿಲ್ಲದ ನನ್ನ ದೇಶಬಾಂಧವರನ್ನು ನೆನೆದೆನು. ಅರ್ಧ ಗಂಟೆ ಪ್ರಾರ್ಥಿಸಿದೆನು. ಹೊರಗೆ ಬಂದು ಒಂದು ಮರದ ಕೆಳಗೆ ತಿಂಡಿ ತಿಂದು, ಸ್ವಲ್ಪ ಹೊತ್ತು ಅತ್ತಿತ್ತ ನಡೆದು, ರೈಲು ಹತ್ತಿ ಮರಳಿದೆನು. ಇಷ್ಟೇ ನನ್ನ ಸಿಂಗಪುರ ದರ್ಶನ. ಆದರೆ ಈ ಬಾರಿ ಮಕ್ಕಳು ಕೇಳಿದಾಗ ನನ್ನಲ್ಲಿ ಹೇಳುವುದಕ್ಕೆ ಮಾತಿತ್ತು. ಅವರು ಮಲಗುವ ಹೊತ್ತು ಮೀರುವವರೆಗೂ ಕೇಳಿದರು.

ಮಿಷನ್ ಶಾಲೆಯ ಹುಡುಗಿಯಾದವಳು ಆ ಊರಿನಲ್ಲಿ ನೆನೆಯತಕ್ಕ ಇನ್ನೊಂದು ಸಂಗತಿಯೂ ಉಂಟು. ೧೮೮೭ರಲ್ಲಿ ಸೋಫಿಯಾ ಬ್ಲ್ಯಾಕ್‌ಮೋರ್ ಎಂಬ ಆಸ್ಟ್ರೇಲಿಯದ ಮಿಷನರಿ ಮಹಿಳೆಯು ಅಲ್ಲಿ ಒಂದು ಅಂಗಡಿಮನೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದಳು. ಮೊದಲ ದಿನಗಳಲ್ಲಿ ಅದರಲ್ಲಿದ್ದವರು ಒಂಬತ್ತೇ ಮಂದಿ. ಆ ಒಂಬತ್ತು ಮಂದಿಯೂ ಭಾರತೀಯರ ಮಕ್ಕಳು. ಅದು ಇಂದು ಮೆಥೊಡಿಸ್ಟ್ ಬಾಲಿಕಾ ಶಾಲೆಯೆಂದು ಹೆಸರಾಗಿದೆ. ಹುಡುಗಿಯರನ್ನು ಹೊಸ್ತಿಲು ದಾಟಿಸಿ ಶಾಲೆಗೆ ಕರೆತರುವುದೇ ದೊಡ್ಡ ಸಾಹಸವಾಗಿದ್ದ ಕಾಲವದು. ಅಂದು ಮನೆಯ ಹೊಸ್ತಿಲು ದಾಟಿಸಿದಂತಹ ಸಂಸ್ಥೆಗಳ ಮಕ್ಕಳು ಇಂದು ನಿಲ್ದಾಣದ ಹೊಸ್ತಿಲಿಗೆ ಅಂಜಿ ನಿಲ್ಲುವುದು ತಕ್ಕುದಲ್ಲ.

ಆದರೆ ಸಿದ್ಧತೆಯಿಲ್ಲದೆ ಹೊರಟವಳನ್ನು ನಾನು ಹೊಗಳಲಾರೆ. ಸುವಾರ್ತೆಯಲ್ಲಿ ಬರುವ ಹತ್ತು ಮಂದಿ ಕನ್ನಿಕೆಯರ ಸಾಮ್ಯವನ್ನು ನಮ್ಮ ಶಾಲೆಯಲ್ಲಿ ಕೇಳದವರಿಲ್ಲ. ಮದಲಿಂಗನು ತಡಮಾಡಿದಾಗ ಹತ್ತು ಮಂದಿಯೂ ತೂಕಡಿಸಿ ನಿದ್ದೆಹೋದರೆಂಬುದನ್ನು ಗಮನಿಸಿರಿ. ನಿದ್ದೆಯು ತಪ್ಪೆಂದು ಅಲ್ಲಿ ಹೇಳಿಲ್ಲ. ಬುದ್ಧಿವಂತೆಯರಿಗೂ ಬುದ್ಧಿಯಿಲ್ಲದವರಿಗೂ ಇದ್ದ ಭೇದವು ಎಣ್ಣೆಯದು ಮಾತ್ರ. ನಡುದಾರಿಯ ಬಿಡುವಿಗೆ ಬೇಕಾದ ಎಣ್ಣೆ ಯಾವುದೆಂಬುದನ್ನು ಈಗ ಹೇಳುವೆನು.

ಮೊದಲನೆಯದು ಅಪ್ಪಣೆಯ ಪತ್ರ. ನಿಲ್ದಾಣದೊಳಗೆ ವಿಮಾನ ಬದಲಿಸುವುದು ಬೇರೆ, ಬಾಗಿಲು ದಾಟಿ ಆ ದೇಶವನ್ನು ಪ್ರವೇಶಿಸುವುದು ಬೇರೆ. ಭಾರತದ ಪಾಸ್‌ಪೋರ್ಟು ಉಳ್ಳವರಿಗೆ ಸಿಂಗಪುರ ಪ್ರವೇಶಕ್ಕೆ ಸಾಮಾನ್ಯವಾಗಿ ವೀಸಾ ಬೇಕು. ಆದರೆ ಆಸ್ಟ್ರೇಲಿಯ, ನ್ಯೂಜಿಲೆಂಡ್, ಇಂಗ್ಲೆಂಡ್, ಅಮೇರಿಕ, ಕೆನಡ, ಜರ್ಮನಿ, ಜಪಾನ್, ಸ್ವಿಟ್ಜರ್ಲೆಂಡ್ ಇವುಗಳಲ್ಲಿ ಒಂದು ದೇಶದ ಊರ್ಜಿತವಾದ ವೀಸಾ ಹೊಂದಿ, ಬೇರೊಂದು ದೇಶಕ್ಕೆ ಹೋಗುತ್ತಲೋ ಬರುತ್ತಲೋ ಇರುವ ಭಾರತೀಯರಿಗೆ, ಕೆಲವು ನಿಬಂಧನೆಗಳಿಗೆ ಒಳಪಟ್ಟು ೯೬ ಗಂಟೆಗಳವರೆಗೆ ವೀಸಾ ಇಲ್ಲದೆ ಪ್ರವೇಶಿಸುವ ಸೌಕರ್ಯವಿದೆ. ಕಡೆಯ ತೀರ್ಮಾನವು ಬಾಗಿಲಲ್ಲಿ ಕುಳಿತ ಅಧಿಕಾರಿಯದು. ಆಗಮನದ ವಿವರವನ್ನು ಮುಂಚಿತವಾಗಿ ಬರೆದು ಸಲ್ಲಿಸುವುದೂ ಕಡ್ಡಾಯ. ಇಂತಹ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಒಂದೇ ದೇಶದಲ್ಲಿಯೂ ಬದಲಾಗುತ್ತಿರುವುವು. ಆದಕಾರಣ ಪಕ್ಕದ ಮನೆಯವರ ಮಾತನ್ನು ನಂಬದೆ, ಆಯಾ ಸರಕಾರದ ಪ್ರಕಟಣೆಯನ್ನೇ ಹೊರಡುವ ವಾರದಲ್ಲಿ ಓದಿಕೊಳ್ಳತಕ್ಕದ್ದು.

ಎರಡನೆಯದು ಸಾಮಾನಿನ ವಿಚಾರ. ಎರಡೂ ವಿಮಾನಗಳು ಒಂದೇ ಟಿಕೇಟಿನಲ್ಲಿದ್ದರೆ ದೊಡ್ಡ ಪೆಟ್ಟಿಗೆಯು ಸಾಧಾರಣವಾಗಿ ನೇರವಾಗಿ ಗುರಿಗೆ ಹೋಗುವುದು. ಬೇರೆ ಬೇರೆ ಟಿಕೇಟುಗಳಾಗಿದ್ದರೆ ನಡುವೆ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕಾಗಬಹುದು. ಇದನ್ನು ಹೊರಡುವ ಊರಿನಲ್ಲಿಯೇ ಕೇಳಬೇಕು. ಕೈಸಾಮಾನು ಭಾರವಾದರೆ, ಬಾಡಿಗೆ ಕೊಟ್ಟು ಇಡುವ ಸ್ಥಳವು ದೊಡ್ಡ ನಿಲ್ದಾಣಗಳಲ್ಲಿ ಉಂಟು.

ಮೂರನೆಯದು ಗಣಿತ. ಸಿಂಗಪುರದ ಗಡಿಯಾರವು ನಮ್ಮ ಗಡಿಯಾರಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಇಳಿದೊಡನೆ ಕೈಗಡಿಯಾರವನ್ನು ತಿದ್ದಿಕೊಳ್ಳದವಳು ವಿಮಾನ ತಪ್ಪಿಸಿಕೊಳ್ಳುವಳು. ಬಿಡುವು ಒಂಬತ್ತು ಗಂಟೆಯೆಂದು ಇಟ್ಟುಕೊಳ್ಳಿರಿ. ಹೊರಬೀಳುವುದಕ್ಕೆ ಒಂದು ಗಂಟೆ, ಊರು ಸೇರುವುದಕ್ಕೆ ಒಂದು, ಮರಳುವುದಕ್ಕೆ ಒಂದು, ವಿಮಾನ ಹೊರಡುವುದಕ್ಕೆ ಎರಡೂವರೆ ಗಂಟೆ ಮೊದಲು ನಿಲ್ದಾಣದಲ್ಲಿ ಇರಬೇಕು. ಒಂಬತ್ತರಲ್ಲಿ ಐದೂವರೆ ಕಳೆದರೆ ಉಳಿಯುವುದು ಮೂರೂವರೆ. ಆ ಮೂರೂವರೆ ಮಾತ್ರವೇ ನಮ್ಮದು. ಬಿಡುವು ಆರು ಗಂಟೆಗಿಂತ ಕಡಿಮೆಯಾಗಿದ್ದರೆ ತಾನೇ ಹೊರಗೆ ಹೋಗುವ ಆಲೋಚನೆಯನ್ನು ಬಿಟ್ಟುಬಿಡುವುದೇ ಲೇಸು.

ನಾಲ್ಕನೆಯದಾಗಿ, ಹೋಗುವ ಸ್ಥಳದ ಹೆಸರು, ರೈಲಿನ ದಾರಿ, ಮರಳಬೇಕಾದ ಗಂಟೆ, ಇವುಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಬೇಕು. ದೂರವಾಣಿಯ ಶಕ್ತಿ ಮುಗಿಯುವುದುಂಟು, ಕಾಗದದ ಶಕ್ತಿ ಮುಗಿಯದು. “ಇಂತಹ ಸ್ಥಳಕ್ಕೆ ಹೋಗುತ್ತಿದ್ದೇನೆ, ಇಂತಿಷ್ಟು ಗಂಟೆಗೆ ಮರಳುವೆನು” ಎಂದು ಮನೆಗೆ ಮುಂಚೆಯೇ ತಿಳಿಸಿ, ಮರಳಿದೊಡನೆ ಮತ್ತೆ ತಿಳಿಸಬೇಕು. ಸ್ವತಂತ್ರಳಾಗಿರುವುದೆಂದರೆ ಮನೆಯವರನ್ನು ಚಿಂತೆಯಲ್ಲಿ ಕೆಡಹುವುದಲ್ಲ. ಒಬ್ಬಳೇ ತಿರುಗಲು ಮನಸ್ಸು ಒಪ್ಪದವರಿಗೆ, ಚಾಂಗಿ ನಿಲ್ದಾಣದವರೇ ಐದೂವರೆ ಗಂಟೆಗಿಂತ ಹೆಚ್ಚು ಬಿಡುವುಳ್ಳ ಪ್ರಯಾಣಿಕರನ್ನು ವಾಹನದಲ್ಲಿ ಕರೆದೊಯ್ದು ಊರು ತೋರಿಸಿ ಮರಳಿ ತಂದು ಬಿಡುವ ಉಚಿತ ಏರ್ಪಾಡನ್ನು ಇಟ್ಟಿರುವರು. ಮೊದಲ ಬಾರಿಯ ಹುಡುಗಿಗೆ ಇದು ಉತ್ತಮ.

ಹೊರಗೆ ಹೋಗಲಾರದವರೂ ಹೋಗಬಾರದವರೂ ಇರುವರು. ವೀಸಾ ಇಲ್ಲದವರು, ಎಳೆಗೂಸನ್ನು ಹೊತ್ತವರು, ಅಸ್ವಸ್ಥರು, ನಡುರಾತ್ರಿಯಲ್ಲಿ ಇಳಿದವರು ಒಳಗೇ ಇರಲಿ. ಅವರ ಬಿಡುವೂ ವ್ಯರ್ಥವಾಗಬೇಕಾಗಿಲ್ಲ. ಚಾಂಗಿಯ ಒಳಗಡೆಯೇ ೨೦೦೮ರಲ್ಲಿ ತೆರೆದ ಚಿಟ್ಟೆಗಳ ತೋಟವಿದೆ. ಕಾಲು ಚಾಚಿ ಒರಗುವ ಆಸನಗಳೂ, ಎಲ್ಲ ಮತದವರಿಗೂ ಸೇರಿದ ಪ್ರಾರ್ಥನೆಯ ಕೋಣೆಗಳೂ, ದುಡ್ಡು ಕೊಟ್ಟು ಸ್ನಾನ ಮಾಡುವ ಅನುಕೂಲವೂ ಉಂಟು. ೨೦೧೯ರಲ್ಲಿ ತೆರೆದ, ನಲವತ್ತು ಮೀಟರಿನ ಎತ್ತರದಿಂದ ಮಾಡಿನೊಳಗೇ ನೀರು ಧುಮುಕುವ ‘ಜ್ಯುವೆಲ್’ ಎಂಬ ಸೌಧವು ಮಾತ್ರ ಪ್ರವೇಶದ ಬಾಗಿಲಿನ ಆಚೆಗಿದೆ. ಅದನ್ನು ನೋಡಲು ಅಪ್ಪಣೆ ಬೇಕು. ಮುಖ ತೊಳೆದು, ಬಟ್ಟೆ ಬದಲಿಸಿ, ಗಡಿಯಾರಕ್ಕೆ ಎಚ್ಚರಿಸಲು ಹೇಳಿ ಮೂರು ಗಂಟೆ ನಿದ್ದೆ ಮಾಡಿದವಳು ಕಾಲವನ್ನು ಕಳೆದಳೆಂದು ನಾನು ಹೇಳುವುದಿಲ್ಲ. ಆಮೇಲೆ ಒಂದು ಕಾಗದ ಬರೆಯಲಿ. ನಮಗೆ ಪಾಠ ಹೇಳಿದವರಿಗೆ ಕಾಗದ ಬರೆಯಲು ಬಿಡುವಿಲ್ಲವೆಂದು ವರ್ಷಗಟ್ಟಲೆ ಹೇಳುತ್ತ ಬಂದಿರುವೆವಲ್ಲವೇ?

ಇವೆಲ್ಲಕ್ಕಿಂತ ಮೇಲಾದ ಕೆಲಸವೊಂದು ಎಲ್ಲ ನಿಲ್ದಾಣಗಳಲ್ಲಿಯೂ ನಮಗಾಗಿ ಕಾದಿರುವುದು. ಎರಡನೆಯ ಪ್ರಯಾಣದ ಕಡೆಯ ಗಂಟೆಯಲ್ಲಿ, ಸೀರೆಯ ಮೇಲೆ ಸ್ವೆಟರು ತೊಟ್ಟು, ಬೋರ್ಡಿಂಗ್ ಪಾಸನ್ನು ಎರಡು ಕೈಗಳಿಂದಲೂ ಹಿಡಿದುಕೊಂಡು ಕುಳಿತಿದ್ದ ಒಬ್ಬ ಅಜ್ಜಿಯನ್ನು ಕಂಡೆನು. ಹಿಂದಿನ ಬಾರಿ ನಾನು ಹೇಗಿದ್ದೆನೋ ಹಾಗೆಯೇ ಇದ್ದರು. ನಾನು ದೂರವಾಣಿಯಲ್ಲಿ ಮಾತಾಡಿದುದನ್ನು ಕೇಳಿ, “ನೀನು ಕನ್ನಡದವಳೇನಮ್ಮಾ?” ಎಂದರು. “ಹೌದು ಅಜ್ಜಿ, ಎಲ್ಲಿಗೆ ಹೊರಟಿರಿ?” ಎಂದು ಕೇಳ್ದೆನು. ಮೊಮ್ಮಗು ಹುಟ್ಟಿದೆ, ಮಗಳ ಬಳಿಗೆ ಎಂದರು. ಪಾಸನ್ನು ನೋಡಿದರೆ ಅವರ ವಿಮಾನದ ಗೇಟು ಬದಲಾಗಿತ್ತು. ಫಲಕದಲ್ಲಿ ಹೊಸ ಸಂಖ್ಯೆ ಬಂದಿದ್ದರೂ ಅವರಿಗೆ ಅದನ್ನು ಓದಿ ಹೇಳುವವರಿರಲಿಲ್ಲ. ಕೈಹಿಡಿದು ಕರೆದುಕೊಂಡು ಹೋಗಿ, ನೀರು ಕುಡಿಸಿ, ಸರಿಯಾದ ಸ್ಥಳದಲ್ಲಿ ಕುಳ್ಳಿರಿಸಿದೆನು. ಹತ್ತು ನಿಮಿಷದ ಕೆಲಸ. ನಾನು ಕುರ್ಚಿಗೆ ಅಂಟಿಕೊಂಡೇ ಇದ್ದಿದ್ದರೆ ಆ ನಿಲ್ದಾಣದ ದಾರಿಗಳೂ ನನಗೆ ತಿಳಿದಿರುತ್ತಿರಲಿಲ್ಲ, ಇನ್ನೊಬ್ಬರಿಗೆ ತೋರಿಸುವ ಧೈರ್ಯವೂ ಇರುತ್ತಿರಲಿಲ್ಲ. ದಾರಿ ಬಲ್ಲವಳು ಮಾತ್ರವೇ ದಾರಿ ತೋರಿಸಬಲ್ಲಳು. ಹೆಣ್ಣುಮಗಳ ಧೈರ್ಯವು ಅವಳೊಬ್ಬಳ ಸುಖಕ್ಕಲ್ಲ, ಅವಳ ಹಿಂದೆ ಬರುವವರ ಉಪಯೋಗಕ್ಕೆ ಎಂಬುದನ್ನು ನಾನು ಆ ದಿನ ಕಲಿತೆನು.

ಕಡೆಯದಾಗಿ ಮೂರು ವಿಜ್ಞಾಪನೆಗಳು. ಶಾಲೆಯವರಲ್ಲಿ ನನ್ನ ಪ್ರಾರ್ಥನೆ: ಭೂಗೋಳದ ಪಾಠದಲ್ಲಿ ರೇಖಾಂಶಗಳನ್ನು ಕಂಠಪಾಠ ಮಾಡಿಸುವುದರೊಡನೆ, ದೇಶದೇಶಗಳ ಗಡಿಯಾರದ ಲೆಕ್ಕ, ರೈಲಿನ ನಕ್ಷೆ ಓದುವುದು, ಪ್ರಯಾಣದ ಪತ್ರಗಳನ್ನು ತುಂಬುವುದು, ಅಪರಿಚಿತರನ್ನು ವಿನಯದಿಂದಲೂ ಧೈರ್ಯದಿಂದಲೂ ದಾರಿ ಕೇಳುವುದು, ಇವನ್ನೂ ಹತ್ತನೆಯ ತರಗತಿಯ ಹುಡುಗಿಯರಿಗೆ ಅಭ್ಯಾಸ ಮಾಡಿಸಿರಿ. ತಂದೆತಾಯಿಗಳಲ್ಲಿ ನನ್ನ ಪ್ರಾರ್ಥನೆ: ಬೀಳ್ಕೊಡುವಾಗ “ಕುಳಿತಲ್ಲಿಂದ ಏಳಬೇಡ” ಎಂಬ ಮಾತನ್ನು ಬಿಟ್ಟು, “ವಿಚಾರಿಸಿ ಹೋಗು, ಹೊತ್ತಿಗೆ ಮರಳು, ಏನು ಕಂಡೆಯೆಂದು ಬರೆ” ಎಂದು ಹೇಳಿ ಕಳುಹಿಸಿರಿ. ಪ್ರೀತಿಯು ಅದರಿಂದ ಎಳ್ಳಷ್ಟೂ ಕಡಿಮೆಯಾಗದು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಕೆಲವು ವರ್ಷಗಳಲ್ಲಿ ಈ ಮಾರ್ಗವಾಗಿ ಹೋಗುವಿರಿ. ನಡುದಾರಿಯಲ್ಲಿ ಇಳಿಯುವ ಊರು ಚಾಂಗಿಯಾಗಿರಲಿ, ದೋಹಾ ಆಗಿರಲಿ, ದುಬಾಯಿಯಾಗಿರಲಿ. ಹೊರಡುವ ಮೊದಲೇ ಆ ಊರಿನ ವಿಷಯವಾಗಿ ಒಂದು ಪುಟವನ್ನಾದರೂ ಓದಿಕೊಳ್ಳಿರಿ. ನಿಮ್ಮ ದೀಪದಲ್ಲಿ ಎಣ್ಣೆ ಇರಲಿ. ಮುಂದೆಂದಾದರೂ ಕ್ಯಾನ್ಬೆರಾ ನಗರಕ್ಕೆ ಹೋದವಳು ಆ ಕೌದಿಗಳ ಮುಂದೆ ಒಂದು ನಿಮಿಷ ನಿಂತು, ಅವುಗಳ ಮೇಲಿನ ಹೆಸರುಗಳನ್ನು ಓದಿ, ಮುಂದಿನ ಸ್ಮರಣ ಸಂಚಿಕೆಗೆ ನಾಲ್ಕು ಸಾಲು ಬರೆದು ಕಳುಹಿಸಲಿ. ನಾನು ಅವನ್ನು ಚಿತ್ರದಲ್ಲಿ ಮಾತ್ರ ಕಂಡಿರುವೆನು.